ಒಂದು ಚುಕ್ಕೆ, ಎರಡು ಚುಕ್ಕೆ

ಕಥೆ ಬರೆಯುವುದು ನಮ್ಮ ಹುಚ್ಚು. ಹೊಟ್ಟೆಪಾಡಿಗೆ ಮಾಡುವುದು ಮೇಷ್ಟ್ರ ಕೆಲಸ. ಕೆಲವು ವರ್ಷಗಳ ಹಿಂದೆ, ಶಾಲೆಗಳಿಗೆ ಹೋಗಿ ಪಾಠ ನೋಡಿ ಅಂಕ ಹಾಕುವವರ ಪಟ್ಟಿಗೆ ನಮ್ಮ ಹೆಸರೂ ಸೇರಿತು. ಮೊದಲ ವರ್ಷ ಯಾವ ತರಬೇತಿಯೂ ಇಲ್ಲದೆ, ಒಬ್ಬರೇ ಹೋಗಿ, ನಾಲ್ಕು ಶಾಲೆ ನೋಡಿ, ಹಾಳೆ ತುಂಬಿ ಕಳಿಸಿದೆವು. ಮರುವರ್ಷ ಮೈಸೂರಿನಲ್ಲಿ ತರಬೇತಿ ಇದೆ ಎಂದು ಕರೆ ಬಂದಾಗ ಒಳಗೊಳಗೇ ನಗು ಬಂತು. ವರ್ಷಗಟ್ಟಲೆ ಸೀಮೆಸುಣ್ಣ ಹಿಡಿದವರಿಗೆ ಒಳ್ಳೆಯ ಪಾಠ ಯಾವುದೆಂದು ಬಾಗಿಲಲ್ಲಿ ನಿಂತರೇ ತಿಳಿಯುವುದಿಲ್ಲವೆ!

ಮೊದಲ ದಿನವೇ ಆ ಹಮ್ಮು ಅರ್ಧ ಇಳಿಯಿತು. ಪರದೆಯ ಮೇಲೆ ಒಂದು ನಲಿ-ಕಲಿ ತರಗತಿಯ ವಿಡಿಯೊ ತೋರಿಸಿದರು. ಯಾರೊಂದಿಗೂ ಮಾತನಾಡದೆ 1ರಿಂದ 4ರೊಳಗೆ ಅಂಕ ಹಾಕಿ ಎಂದರು. ಚೀಟಿಗಳನ್ನು ಬಿಡಿಸಿ ಬೋರ್ಡಿನ ಮೇಲೆ ಗೆರೆ ಎಳೆಯುತ್ತಾ ಹೋದರೆ ಒಂದೂ ಇದೆ, ಎರಡೂ ಇದೆ, ಮೂರೂ ಇದೆ, ನಾಲ್ಕೂ ಇದೆ. ಒಬ್ಬರೇ ಟೀಚರ್, ಒಂದೇ ಪಾಠ, ನೋಡಿದವರೆಲ್ಲ ಅನುಭವಸ್ಥರು. ಮೊದಲು ಎಲ್ಲರೂ ನಕ್ಕೆವು. ಆಮೇಲೆ ಸಭಾಂಗಣ ತಣ್ಣಗಾಯಿತು.

"ಯಾಕೆ ಸರ್, ಒಂದು?" ಎಂದು ತರಬೇತಿ ಕೊಡುತ್ತಿದ್ದ ಮೇಡಂ ಒಬ್ಬರನ್ನು ಕೇಳಿದರು.

"ಒಂದೇ ಗಲಾಟೆ ಮೇಡಂ."

"ಎಷ್ಟು ಮಕ್ಕಳು ಮಾತಾಡ್ತಿದ್ರು? ಏನು ಮಾತಾಡ್ತಿದ್ರು?"

ಅದನ್ನು ಯಾರೂ ಬರೆದುಕೊಂಡಿರಲಿಲ್ಲ. ನಾವೂ ಬರೆದುಕೊಂಡಿರಲಿಲ್ಲ.

ನಲಿ-ಕಲಿ ಹುಟ್ಟಿದ್ದು ನಮ್ಮ ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲೇ, 1995ರಲ್ಲಿ, ಯುನಿಸೆಫ್ ನೆರವಿನಿಂದ. ಅಲ್ಲಿ ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ಕೂರುತ್ತಾರೆ. ಒಂದು ಗುಂಪಿಗೆ ಟೀಚರ್ ಸಹಾಯ, ಇನ್ನೊಂದಕ್ಕೆ ಗೆಳೆಯರ ಸಹಾಯ, ಮತ್ತೊಂದು ತಾನೇ ಕಲಿಯುವ ಗುಂಪು. ಅಲ್ಲಿ ಮಾತಿಲ್ಲ ಎಂದರೆ ಪಾಠವೇ ನಡೆಯುತ್ತಿಲ್ಲ ಎಂದರ್ಥ. ಈ ಪದ್ಧತಿ 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿತು. ಆದರೆ ನೋಡುವ ನಮ್ಮ ಕಣ್ಣು ಹಳೆಯ ಇನ್ಸ್‌ಪೆಕ್ಟರ ಕಣ್ಣಾಗಿಯೇ ಉಳಿದಿತ್ತು.

ಆ ಇನ್ಸ್‌ಪೆಕ್ಟರರನ್ನು ನಮ್ಮ ವಯಸ್ಸಿನ ಓದುಗರು ಮರೆತಿರಲಾರರು. ಅವರು ಬರುವ ಹಿಂದಿನ ದಿನ ಶಾಲೆ ತೊಳೆಯುತ್ತಿದ್ದೆವು. ನಮ್ಮ ಮೇಷ್ಟ್ರು ಗುಟ್ಟಾಗಿ ಹೇಳಿಕೊಡುತ್ತಿದ್ದರು: "ಉತ್ತರ ಗೊತ್ತಿದ್ದವರು ಬಲಗೈ ಎತ್ತಿ, ಗೊತ್ತಿಲ್ಲದವರು ಎಡಗೈ ಎತ್ತಿ. ಎಲ್ಲರೂ ಎತ್ತಲೇಬೇಕು!" ಸಾಹೇಬರು ಸಂತೋಷಪಟ್ಟು, ಟೀ ಕುಡಿದು, ಷರಾ ಬರೆದು ಹೋಗುತ್ತಿದ್ದರು. ಪಾಪ, ಮೇಷ್ಟ್ರನ್ನು ದೂರಿ ಫಲವೇನು? ನೋಡುವವನು ಕೈಗಳನ್ನು ಮಾತ್ರ ಎಣಿಸುತ್ತಾನೆ ಎಂಬುದು ಅವರಿಗೆ ಗೊತ್ತಿತ್ತು.

ಎಣಿಸುವುದರಲ್ಲೂ ಶಾಸ್ತ್ರವಿದೆ. ಬಿ.ಎಡ್. ಓದಿದವರಿಗೆಲ್ಲ ಫ್ಲಾಂಡರ್ಸ್ ಎಂಬ ಅಮೆರಿಕದ ಪಂಡಿತರ ಹೆಸರು ಗೊತ್ತು. ಮೂರು ಸೆಕೆಂಡಿಗೊಮ್ಮೆ ತರಗತಿಯಲ್ಲಿ ಆಗುತ್ತಿರುವುದಕ್ಕೆ ಒಂದು ಅಂಕೆ ಬರೆಯಬೇಕು. ಒಟ್ಟು ಹತ್ತು ಬಗೆ: ಏಳು ಟೀಚರ ಮಾತಿಗೆ, ಎರಡು ಮಕ್ಕಳ ಮಾತಿಗೆ, ಒಂದು ಉಳಿದದ್ದಕ್ಕೆ. ಇಪ್ಪತ್ತು ನಿಮಿಷದ ಪಾಠಕ್ಕೆ ನಾನೂರು ಅಂಕೆ. ಯಾರು ಎಷ್ಟು ಮಾತನಾಡಿದರು ಎಂಬುದು ಇದರಿಂದ ಚೆನ್ನಾಗಿ ತಿಳಿಯುತ್ತದೆ. ಆದರೆ ಮೌನಕ್ಕೂ ಗೊಂದಲಕ್ಕೂ ಅಲ್ಲಿ ಒಂದೇ ಅಂಕೆ, ಹತ್ತು. ಯೋಚಿಸುತ್ತಾ ಸುಮ್ಮನಿರುವ ಹುಡುಗಿಯೂ ಹತ್ತು, ಸಂತೆಯಾದ ತರಗತಿಯೂ ಹತ್ತು. ಕಥೆಗಾರನಿಗೆ ಇದು ಸಹಿಸದ ಲೆಕ್ಕ! ಎನ್‌ಸಿಇಆರ್‌ಟಿ 2013ರಲ್ಲಿ ತಂದ 'ಪಿಂಡಿಕ್ಸ್' ಶಿಕ್ಷಕರ ಕೆಲಸವನ್ನು ನಾಲ್ಕು ಹಂತಗಳಲ್ಲಿ ಅಳೆಯುತ್ತದೆ. ಅಳತೆಗೋಲಿಗೆ ಬರವಿಲ್ಲ. ಹಿಡಿಯುವ ಕೈ ನಡುಗಬಾರದು, ಅಷ್ಟೆ.

ಮೇಡಂ ಕಲಿಸಿದ ಉಪಾಯ ಬಹಳ ಸರಳ. ಹಾಳೆಯನ್ನು ಉದ್ದಕ್ಕೆ ಎರಡಾಗಿ ಮಡಿಸಿ. ಎಡಭಾಗದಲ್ಲಿ ಕಂಡದ್ದು, ಕೇಳಿದ್ದು ಮಾತ್ರ ಬರೆಯಿರಿ. 'ಚೆನ್ನಾಗಿದೆ', 'ಉತ್ಸಾಹವಿಲ್ಲ' ಎಂಬ ಮಾತು ಅಲ್ಲಿ ಬರಕೂಡದು. ಅಂಕ ಬಲಭಾಗದಲ್ಲಿ. ಎಡಭಾಗ ತುಂಬುವವರೆಗೆ ಮಡಿಕೆ ಬಿಚ್ಚಬೇಡಿ. ಇಬ್ಬರು ಹೋಗಿ, ಬೇರೆಬೇರೆ ಕುಳಿತು ಬರೆಯಿರಿ. ಅಂಕ ಹೊಂದದಿದ್ದರೆ ಎಡಭಾಗವನ್ನು ಮುಂದಿಟ್ಟುಕೊಂಡು ಮಾತನಾಡಿ. ಅಮೆರಿಕದಲ್ಲಿ 2009ರಿಂದ 2012ರವರೆಗೆ ಗೇಟ್ಸ್ ಫೌಂಡೇಶನ್ ಹಣದಿಂದ ಸುಮಾರು 3000 ಶಿಕ್ಷಕರ ಮೇಲೆ ನಡೆದ ಅಧ್ಯಯನವೂ ಇದನ್ನೇ ಹೇಳಿತು. ಒಬ್ಬರೇ ಎರಡು ಪಾಠ ನೋಡುವುದಕ್ಕಿಂತ ಇಬ್ಬರು ಒಂದೊಂದು ಪಾಠ ನೋಡಿದರೆ ಅಂಕ ಹೆಚ್ಚು ನಂಬಿಕೆಗೆ ಅರ್ಹ. ನಮ್ಮಲ್ಲಿ ಇಬ್ಬರನ್ನು ಎಲ್ಲಿಂದ ತರುವುದು? ಒಬ್ಬ ಸಿ.ಆರ್.ಪಿ.ಗೆ ಹತ್ತಾರು ಶಾಲೆ. ಪಾಠ ನೋಡಲು ಹೋದವರು ಬಿಸಿಯೂಟದ ಲೆಕ್ಕ, ಸಮವಸ್ತ್ರದ ಲೆಕ್ಕ ತೆಗೆದುಕೊಂಡು ಬರುವುದೇ ಹೆಚ್ಚು.

ತರಬೇತಿಯ ನಂತರ ನಮ್ಮ ಪಾಲಿಗೆ ಬಂದದ್ದು ಮೈಸೂರಿನ ಒಂದು ಮೊಹಲ್ಲಾದ ಉರ್ದು ಶಾಲೆ. ತಾಯಂದಿರು ಊದುಬತ್ತಿ ಹೊಸೆದು ಸಂಸಾರ ನಡೆಸುವ ಓಣಿಗಳ ಮಕ್ಕಳು. ಜೊತೆಗೆ ಬಂದವರು ನಂಜನಗೂಡು ಕಡೆಯ ಮೇಷ್ಟ್ರು. ಅವರಿಗೆ ಉರ್ದುವಿನ ಒಂದಕ್ಷರವೂ ಬಾರದು. "ನೀವಿದೀರಲ್ಲ ಸಾಹೇಬ್ರೆ, ನಂಗೇನು ಚಿಂತೆ" ಎಂದರು. ನಮಗೂ ಹಾಗೆಯೇ ಅನ್ನಿಸಿತ್ತು.

ನಾಲ್ಕನೇ ತರಗತಿ. ಟೀಚರ್ ಒಂದು ಪೆನ್ನು ಎತ್ತಿ ಹಿಡಿದು "ಖಲಂ" ಎಂದರು. ನಮ್ಮ ಕಿವಿ ನೆಟ್ಟಗಾಯಿತು. ಪುಸ್ತಕದ ಉರ್ದುವಿನಲ್ಲಿ ಆ ಪದದ ಮೊದಲಕ್ಷರ ಗಂಟಲಿನಾಳದಿಂದ ಬರುವ 'ಕ'. ಬರೆಯುವಾಗ ಅದಕ್ಕೆ ಮೇಲೆ ಎರಡು ಚುಕ್ಕೆ. 'ಖ' ಎಂದು ಉಜ್ಜಿ ನುಡಿಯುವುದು ನಮ್ಮ ದಖನಿ ಬಾಯಿ; ಆ 'ಖ'ದ ಅಕ್ಷರಕ್ಕೆ ಒಂದೇ ಚುಕ್ಕೆ. ಎಡಭಾಗ, ಮಡಿಕೆ ಎಲ್ಲ ಮರೆತುಹೋಯಿತು. 'ಉಚ್ಚಾರ ಶುದ್ಧವಿಲ್ಲ' ಎಂದು ಬರೆದೆವು. ತಲೆ ತಗ್ಗಿಸಿ ಇನ್ನೂ ಏನೋ ಬರೆಯುತ್ತಿದ್ದಾಗ ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. 'ಶಿಸ್ತು ಕಡಿಮೆ' ಎಂದೂ ಸೇರಿಸಿದೆವು. ಅಂಕ: ಎರಡು.

ಜೊತೆಗಾರರದು ಮೂರು. ವರಾಂಡದಲ್ಲಿ ಕುಳಿತು ಅವರ ಎಡಭಾಗ ಓದಿದೆವು. 'ಬೋರ್ಡಿನಲ್ಲಿ ಎರಡು ಸಾಲು. ಒಂದರ ತಲೆಯ ಮೇಲೆ ಒಂದು ಚುಕ್ಕೆಯ ಅಕ್ಷರ, ಇನ್ನೊಂದರ ಮೇಲೆ ಎರಡು ಚುಕ್ಕೆಯದು. ಟೀಚರ್ ಪದ ಹೇಳುತ್ತಾರೆ, ಮಕ್ಕಳು ಯಾವ ಸಾಲು ಎಂದು ಕೂಗುತ್ತಾರೆ. ಒಂದು ಪದಕ್ಕೆ ಅರ್ಧ ಮಕ್ಕಳು ಆ ಸಾಲು, ಅರ್ಧ ಮಕ್ಕಳು ಈ ಸಾಲು ಎಂದರು. ನಕ್ಕರು. ಟೀಚರ್ ಬೈಯಲಿಲ್ಲ. ಕೊನೆಯಲ್ಲಿ ಕುಳಿತಿದ್ದ ಹುಡುಗಿ ಎದ್ದು ಬಂದು ಎರಡೂ ಸಾಲಿನಲ್ಲಿ ಬರೆದಳು. ಟೀಚರ್ ತಲೆದೂಗಿದರು.'

"ಆ ಪದ ಯಾವ್ದು ಸಾಹೇಬ್ರೆ? ಯಾಕಂಗೆ ನಕ್ವು ಮಕ್ಳು?"

ನಮಗೆ ಹೊಳೆಯಿತು. ಖಬರ್. ಒಂದು ಚುಕ್ಕೆಯ ಅಕ್ಷರದಿಂದ ಬರೆದರೆ ಸುದ್ದಿ. ಎರಡು ಚುಕ್ಕೆಯ ಅಕ್ಷರದಿಂದ ಬರೆದರೆ ಗೋರಿ. ನಮ್ಮ ಮನೆಗಳಲ್ಲಿ ಎರಡನ್ನೂ 'ಖಬರ್' ಎಂದೇ ಅನ್ನುವುದು. ಬಾಯಲ್ಲಿ ಒಂದಾದದ್ದು ಬರವಣಿಗೆಯಲ್ಲಿ ಎರಡಾಗುವುದನ್ನು ಆ ಟೀಚರ್ ಮಕ್ಕಳ ಮನೆಮಾತಿನಿಂದಲೇ ಹಿಡಿದು ಕಲಿಸುತ್ತಿದ್ದರು. ವಿವರಿಸಿದಾಗ ಮೇಷ್ಟ್ರೂ ನಕ್ಕರು. ಆಮೇಲೆ ಮೆಲ್ಲಗೆ, "ಇಷ್ಟೆಲ್ಲ ಗೊತ್ತಿದ್ದೂ ಎರಡು ಹಾಕಿದ್ರಾ?" ಎಂದರು.

ಉತ್ತರ ನಮಗೆ ಗೊತ್ತಿತ್ತು, ಹೇಳಲಿಲ್ಲ. ಹತ್ತು ವರ್ಷದವರಿದ್ದಾಗ ಒಂದು ಉರ್ದು ಭಾಷಣ ಸ್ಪರ್ಧೆಯಲ್ಲಿ ನಮ್ಮ 'ಖ' ಕೇಳಿ ತೀರ್ಪುಗಾರರು ಎಲ್ಲರೆದುರು ಅಣಕಿಸಿದ್ದರು. ಅಂದಿನಿಂದ ಗಂಟಲು ತಿದ್ದಿಕೊಂಡೆವು. ಅಮ್ಮಿ ಕೊನೆಯವರೆಗೂ 'ಖಲಂ' ಎಂದರು. ಗೆಳೆಯರ ಮುಂದೆ ಅವರು ಹಾಗೆನ್ನುವಾಗ ನಾವು ಮಾತು ಬದಲಿಸುತ್ತಿದ್ದೆವು. ಉರ್ದು ಬಾರದವರು ಉರ್ದು ಶಾಲೆಗೆ ಅಂಕ ಹಾಕುವುದು ಅನ್ಯಾಯವೆಂದು ನಾವೇ ಎಷ್ಟೋ ಸಭೆಗಳಲ್ಲಿ ಭಾಷಣ ಮಾಡಿದ್ದುಂಟು. ಈಗಲೂ ಆ ಮಾತು ಸುಳ್ಳೆನ್ನುವುದಿಲ್ಲ. ಆದರೆ ಆ ದಿನ ಪಾಠವನ್ನು ಕಂಡವರು ಉರ್ದು ಬಾರದ ಮೇಷ್ಟ್ರು.

ನಮ್ಮ ಎರಡನ್ನು ಹೊಡೆದು ಮೂರು ಮಾಡಿ ರುಜು ಹಾಕಿದೆವು. ಅಂಕಕ್ಕೆ ಮುಂಚೆ ಕಂಡದ್ದನ್ನು ಟೀಚರಿಗೆ ಓದಿ ಹೇಳಬೇಕೆಂಬ ನಿಯಮವಿತ್ತು. ನಮ್ಮ ಎಡಭಾಗದಲ್ಲಿ ಓದುವಂಥದ್ದು ಏನಿತ್ತು? ಮೇಷ್ಟ್ರ ಹಾಳೆಯನ್ನೇ ಹಿಡಿದು ಉರ್ದುವಿನಲ್ಲಿ ಹೇಳುತ್ತಾ ಹೋದೆವು. ಆಕೆ ಸೆರಗು ಸರಿಪಡಿಸಿಕೊಂಡು ಕೇಳಿಸಿಕೊಂಡರು.

"ಖಲಂ ಬೋಲೀ ತೋ ಆಪ್ ಸರ್ ಝುಕಾ ಲಿಯೇ ಸಾಬ್. ಬಸ್, ನಂಬರ್ ಗಯಾ ಸಮಝೀ" ಎಂದರು. ಖಲಂ ಎಂದೊಡನೆ ನೀವು ತಲೆ ತಗ್ಗಿಸಿದಿರಿ, ಅಂಕ ಹೋಯಿತು ಅಂದುಕೊಂಡೆ ಎಂದು.

ಮೇಷ್ಟ್ರು ನಮ್ಮ ಮುಖ ನೋಡಿದರು. "ಏನಂದ್ರು?"

"ಥ್ಯಾಂಕ್ಸ್ ಹೇಳಿದ್ರು" ಎಂದೆವು.

ಬಸ್ಸಿನಲ್ಲಿ ಅವರಿಗೆ ನಿಜ ಹೇಳಿದೆವು. ಅವರು ಏನೂ ಅನ್ನಲಿಲ್ಲ. ಹಿಂದಿನ ವರ್ಷ ಒಬ್ಬರೇ ಹೋಗಿ ನೋಡಿಬಂದ ನಾಲ್ಕು ಶಾಲೆಗಳು ಕಣ್ಣ ಮುಂದೆ ಬಂದವು. ಅದರಲ್ಲಿ ಎರಡು ಉರ್ದು ಶಾಲೆಗಳು. ಯಾವ ಟೀಚರಿಗೆ ಎಷ್ಟು ಹಾಕಿದ್ದೆವೆಂಬುದು ಇಂದಿಗೂ ನೆನಪಿದೆ. ಅವರು ಏನು ಪಾಠ ಮಾಡಿದರೆಂಬುದು ನೆನಪಿಲ್ಲ. ಆ ಹಾಳೆಗಳಲ್ಲಿ ಎಡಭಾಗವೇ ಇರಲಿಲ್ಲ.