ಬಿಲ್ಡ್ ಎರರ್ ಕತೆಗಳು – 7: ನಾವು 80 ಅಂದ್ವಿ, ಲೈಬ್ರರಿಗೆ ಕೇಳಿಸಿದ್ದು 5

"ನನ್ನ ಮಷೀನಲ್ಲಿ ಸರಿಯಾಗೇ ಓಡ್ತಿದೆ." ಈ ಮಾತನ್ನ ನೀವೂ ಒಂದಲ್ಲ ಒಂದು ದಿನ ಹೇಳಿರ್ತೀರಿ. ನಾನು ಹೇಳಿ ಕೆಟ್ಟ ಕತೆ ಇದು.

ಟ್ಯಾಂಕ್ ತುಂಬಿದಾಗ ಮೋಟಾರ್ ಆಫ್ ಮಾಡೋ ಪ್ರಾಜೆಕ್ಟ್. ಸಿ++ ಲೈಬ್ರರಿ ನಂದು. ಲ್ಯಾಬಿನ ಸೆಂಟ್‌ಓಎಸ್ 7ರಲ್ಲಿ, ಅದರ ಜಿಸಿಸಿ 4.8ರಲ್ಲಿ ಕಂಪೈಲ್ ಮಾಡಿದ್ದೆ. ಮೇನ್ ಪ್ರೋಗ್ರಾಂ ನನ್ನ ಪಾರ್ಟ್ನರ್‌ದು. ಅವಳ ಲ್ಯಾಪ್‌ಟಾಪಲ್ಲಿ ಉಬುಂಟು 20.04, ಜಿಸಿಸಿ 9. ನನ್ನ ಡಾಟ್ ಎಸ್‌ಓ ಫೈಲನ್ನ ಪೆನ್‌ಡ್ರೈವಲ್ಲಿ ಕೊಟ್ಟೆ.

ಲಿಂಕ್ ಆಯ್ತು. ಒಂದು ವಾರ್ನಿಂಗೂ ಇಲ್ಲ. ಆದ್ರೆ 80 ಪರ್ಸೆಂಟಿಗೆ ನಿಲ್ಲಬೇಕಾದ ಮೋಟಾರ್ 5ಕ್ಕೇ ನಿಂತುಬಿಡ್ತು. ಮಾರನೇ ದಿನ ಡೆಮೋ!

"ನನ್ನ ಟೆಸ್ಟ್ ಎಲ್ಲಾ ಪಾಸ್. ನೀನೇ ಎಲ್ಲೋ 5 ಹಾಕಿದೀಯ" ಅಂತ ಎಲ್ಲರೆದುರು ರೇಗಿದೆ. ಅವಳು ಮಾತಾಡ್ದೆ ಕೋಡ್ ಪೂರ್ತಿ ತೋರಿಸಿದಳು. 5 ಎಲ್ಲೂ ಇರ್ಲಿಲ್ಲ. ಆಮೇಲೆ ಸುಮ್ಮನೆ ಟ್ಯಾಂಕಿನ ಹೆಸರು ಬದಲಾಯಿಸಿ ನೋಡಿದಳು. ಮೊದಲು ಇಂಗ್ಲಿಷಿನ 5 ಅಕ್ಷರದ ಹೆಸರಿತ್ತು, ಈಗ 7 ಅಕ್ಷರದ್ದು. ಮೋಟಾರ್ 7ಕ್ಕೆ ನಿಂತ್ಕೊಳ್ತು.

ಏನಾಗಿತ್ತು ಗೊತ್ತಾ? ನಮ್ಮ ಸ್ಟ್ರಕ್ಟಲ್ಲಿ ಮೊದಲು ಹೆಸರು, ಅಂದ್ರೆ ಸ್ಟ್ರಿಂಗ್. ಆಮೇಲೆ ಲಿಮಿಟ್, ಅಂದ್ರೆ ಇಂಟ್. 2015ರಲ್ಲಿ ಬಂದ ಜಿಸಿಸಿ 5, ಸಿ++11ರ ನಿಯಮಕ್ಕೆ ಹೊಂದೋಕೆ ಸ್ಟ್ರಿಂಗಿನ ಒಳರಚನೆಯನ್ನೇ ಬದಲಾಯಿಸ್ತು. 64 ಬಿಟ್ ಮಷೀನಲ್ಲಿ ಹಳೇ ಸ್ಟ್ರಿಂಗ್ 8 ಬೈಟ್, ಹೊಸದು 32. ಅವಳ ಪ್ರೋಗ್ರಾಂ ಲಿಮಿಟನ್ನ 32 ಬೈಟ್ ದಾಟಿ ಇಟ್ಟಿತ್ತು. ನನ್ನ ಲೈಬ್ರರಿ 8 ಬೈಟ್ ದಾಟಿ ಹುಡುಕ್ತು. ಹೊಸ ಸ್ಟ್ರಿಂಗಲ್ಲಿ ಆ ಜಾಗದಲ್ಲಿರೋದು ಹೆಸರಿನ ಉದ್ದ!

ಹೆಡರ್ ಫೈಲ್ ಒಂದೇ, ಇಬ್ಬರ ಕೋಡೂ ಸರಿ. ಅಳತೆಗೋಲು ಮಾತ್ರ ಬೇರೆ.

ಫಂಕ್ಷನ್‌ಗೆ ಸ್ಟ್ರಿಂಗನ್ನ ನೇರವಾಗಿ ಕೊಟ್ಟಿದ್ರೆ ಲಿಂಕರ್ "ಅನ್‌ಡಿಫೈನ್ಡ್ ರೆಫರೆನ್ಸ್" ಅಂತ ಕೂಗಿರೋದು. ಯಾಕಂದ್ರೆ ಹೊಸ ಸ್ಟ್ರಿಂಗಿಗೆ ಒಳಗೊಳಗೇ ಬೇರೆ ಹೆಸರಿಟ್ಟಿದ್ದಾರೆ, ಬೆರಕೆ ಆದ್ರೆ ಸಿಕ್ಕಿಬೀಳ್ಲಿ ಅಂತ. ಸ್ಟ್ರಕ್ಟ್ ಒಳಗೆ ಅಡಗಿದ್ರೆ ಆ ಹೆಸರು ಲಿಂಕರ್‌ಗೆ ಕಾಣಲ್ಲ. ಹಾಗಾಗಿ ಲಿಂಕರ್ ಎರರ್ ಬಂದ್ರೆ ಬೈಬೇಡಿ. ಅದು ನಿಮ್ಮನ್ನ ಉಳಿಸ್ತಿದೆ.

ಸೇವ್ ಮಾಡ್ಕೊಳ್ಳಿ:
👉 ಸಾಧ್ಯವಾದ್ರೆ ಸೋರ್ಸ್ ತಗೊಂಡು ಎಲ್ಲಾನೂ ಒಂದೇ ಕಂಪೈಲರಲ್ಲಿ, ಒಂದೇ ಸ್ಟ್ಯಾಂಡರ್ಡ್ ಲೈಬ್ರರಿ ಜೊತೆ ಮತ್ತೆ ಬಿಲ್ಡ್ ಮಾಡಿ.
👉 ಸೋರ್ಸ್ ಇಲ್ವಾ? ಹಳೇ ಸ್ಟ್ರಿಂಗನ್ನೇ ಬಳಸು ಅಂತ ಹೇಳೋ ಮ್ಯಾಕ್ರೋ ಜಿಸಿಸಿಯಲ್ಲಿದೆ. ಆದ್ರೆ ಆಗ ನಿಮ್ಮ ಉಳಿದ ಸಿ++ ಲೈಬ್ರರಿಗಳೂ ಹಳೇ ರೀತಿಯವೇ ಆಗಿರ್ಬೇಕು.
👉 ಬೇರೆಯವರಿಗೆ ಬೈನರಿ ಕೊಡೋದಾದ್ರೆ ಗಡಿಯಲ್ಲಿ ಸಿ ಇಂಟರ್‌ಫೇಸ್ ಇಡಿ. ಇಂಟ್, ಕ್ಯಾರೆಕ್ಟರ್ ಪಾಯಿಂಟರ್ ಸಾಕು. ಮೆಮೊರಿ ಯಾರು ತಗೊಂಡ್ರೋ ಅವರೇ ಬಿಡ್ಬೇಕು.

ಅವತ್ತು ರಾತ್ರಿ ನನ್ನ ಸೋರ್ಸನ್ನ ಅವಳ ಲ್ಯಾಪ್‌ಟಾಪಲ್ಲೇ ಬಿಲ್ಡ್ ಮಾಡಿದ್ವಿ. ಮೋಟಾರ್ 80ಕ್ಕೆ ನಿಂತ್ಕೊಳ್ತು. ರೇಗಿದ್ದು ಎಲ್ಲರೆದುರು, ಸಾರಿ ಕೇಳಿದ್ದು ಮಾತ್ರ ಮೆಸೇಜಲ್ಲಿ. ಅದು ಸಮ ಅಲ್ಲ ಅಂತ ಆಮೇಲೆ ಅನ್ನಿಸ್ತು. ಅದಕ್ಕೇ ಇವತ್ತು ಇಲ್ಲಿ, ನಿಮ್ಮೆಲ್ಲರೆದುರು: ಸಾರಿ ಕಣೇ. ತಪ್ಪು ನಿಂದಾಗಿರ್ಲಿಲ್ಲ.

ನಿಮ್ಮ ಟೀಮಲ್ಲಿ ಯಾವ ಕಂಪೈಲರ್, ಯಾವ ವರ್ಷನ್? ಇವತ್ತೇ ಕೇಳಿ ನೋಡಿ. ಎಂಟನೇ ಭಾಗದಲ್ಲಿ ಸಿಗೋಣ.

#ಬಿಲ್ಡ್‌ಎರರ್‌ಕತೆಗಳು #ಕನ್ನಡದಲ್ಲಿಕೋಡಿಂಗ್