ಕಲ್ಲು ಹಿಡಿದು ಬಾಳುವ ಮೀನು

ಜಲಾಶಯ ತುಂಬಿದ ದಿನಗಳಲ್ಲಿ ಬಾಗಲಕೋಟೆಯ ವಿದ್ಯಾಗಿರಿಯಿಂದ ಹಳೆಯ ಊರಿನತ್ತ ಇಳಿದರೆ ಕಾಣುವುದು ಹರಿಯುವ ಘಟಪ್ರಭೆಯಲ್ಲ, ಆಲಮಟ್ಟಿಯ ಹಿನ್ನೀರು. ಕೃಷ್ಣೆಗೆ ಅಡ್ಡಲಾಗಿ 1964ರಲ್ಲಿ ಅಡಿಗಲ್ಲು ಹಾಕಿದ ಆ ಅಣೆಕಟ್ಟು ಊರಿನ ತಗ್ಗು ಭಾಗವನ್ನು ಮುಳುಗಿಸಿತು. ನೆಲೆ ಕಳೆದುಕೊಂಡವರಿಗೆ ನವನಗರ ಎದ್ದಿತು. ಹರಿವು ನಿಂತಾಗ ನೆಲೆ ತಪ್ಪುವ ಜೀವಿಗಳು ನೀರಿನೊಳಗೂ ಇವೆ. ಅವುಗಳಿಗೆ ಯಾರೂ ನವನಗರ ಕಟ್ಟುವುದಿಲ್ಲ.

ಅಂಥದೊಂದು ಮೀನು ‘ಗಾರಾ ಮುಲ್ಯ’. ಕೃಷ್ಣಾ ಕಣಿವೆಯ ಹಳ್ಳಹೊಳೆಗಳಲ್ಲಿರುವ ಇದನ್ನು 1839ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ವಿಜ್ಞಾನಕ್ಕೆ ಪರಿಚಯಿಸಿದ. ಗೇಣುದ್ದ ಮೀರದ ಮೈ. ಬಾಯಿ ತಲೆಯ ಅಡಿಯಲ್ಲಿ. ಕೆಳದುಟಿಯ ಹಿಂದೆ ಬಿಲ್ಲೆಯಂಥ ಅಂಗ. ಅದನ್ನು ಬಂಡೆಗೊತ್ತಿ, ಎದೆಯ ಈಜುರೆಕ್ಕೆಗಳನ್ನು ಅಗಲಿಸಿ, ಸೆಳವಿಗೆ ಎದುರಾಗಿ ನಿಂತು ಪಾಚಿಯನ್ನು ಕೆರೆದು ತಿನ್ನುತ್ತದೆ.

ನಿಂತ ನೀರಿನಲ್ಲಿ ಹೂಳು ಕಲ್ಲನ್ನು ಮುಚ್ಚುತ್ತದೆ. ಆಳಕ್ಕೆ ಬೆಳಕು ಇಳಿಯದು. ಬೆಳಕಿಲ್ಲದೆ ಪಾಚಿಯಿಲ್ಲ, ಪಾಚಿಯಿಲ್ಲದೆ ಊಟವಿಲ್ಲ. ಅದೇ ಘಟಪ್ರಭೆಯ ಗುಂಟ ಮೇಲಕ್ಕೆ ಹೋದರೆ, ಗೋಕಾಕದಲ್ಲಿ ನದಿ 52 ಮೀಟರ್ ಧುಮುಕಿ ಬಂಡೆಗಳ ನಡುವೆ ಓಡುತ್ತದೆ. ಗಾರಾ ಬೇಡುವುದು ಇಂಥ ಕಲ್ಲು, ಇಂಥ ಓಟ.

ಹೊಲಗಳಿಗೆ ಆಲಮಟ್ಟಿಯ ನೀರು ಬೇಕು, ನಿಜ. ಉಳಿದ ಹಳ್ಳಗಳಾದರೂ ಹರಿಯುತ್ತಿರಲಿ. ಅವುಗಳ ಕಲ್ಲು, ಉಸುಕು ಅಲ್ಲೇ ಇರಲಿ. ಮಳೆಗಾಲ ಕಳೆದ ಮೇಲೆ ಮಕ್ಕಳು ಹಿರಿಯರೊಂದಿಗೆ ಹಳ್ಳಕ್ಕೆ ಹೋಗಿ, ಒಂದು ಕಲ್ಲನ್ನೆತ್ತಿ ಅದರ ಮೇಲಿನ ಜಾರುವ ಹಸಿರನ್ನು ಮುಟ್ಟಿ ನೋಡಲಿ. ಅದು ಒಂದು ಮೀನಿನ ಊಟದ ತಾಟು. ನೋಡಿದ ಮೇಲೆ ಇದ್ದಲ್ಲೇ ಇಡಲಿ.