ಕೈಗೆಟುಕುವ ಕೆಲಸ

ಹಿರಿಯೂರಿನ ಸಮೀಪದ ಬಬ್ಬೂರು ದೊಡ್ಡ ಊರೇನೂ ಅಲ್ಲ. ಆದರೂ ಜನರು ಬಬ್ಬೂರು ಫಾರಂ ಎಂದು ಕರೆಯುವ ಕೃಷಿ ಸಂಶೋಧನಾ ಕೇಂದ್ರದಿಂದಾಗಿ ಅದರ ಹೆಸರು ಜಿಲ್ಲೆಯಾಚೆಗೂ ಪರಿಚಿತವಾಗಿದೆ. ಈ ಸೀಮೆಯಲ್ಲಿ ನೀರಿನ ಲೆಕ್ಕಕ್ಕೆ ಬೆಲೆ ಹೆಚ್ಚು. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಮೂರನೆಯ ಸಲ 2025ರಲ್ಲಿ.

ಇಂಥ ಸೀಮೆಯ ತರುಣರು ಇಂಜಿನಿಯರಿಂಗ್ ಕಾಲೇಜು ಸೇರಿ ತಂತ್ರಾಂಶ ರಚನೆಯನ್ನು, ಎಂದರೆ ಗಣಕಯಂತ್ರಕ್ಕೆ ಕ್ರಮಬದ್ಧ ಸೂಚನೆಗಳನ್ನು ಬರೆಯುವ ವಿದ್ಯೆಯನ್ನು ಕಲಿಯುವಾಗ, ನಾಲ್ಕಾರು ಮಂದಿ ಕೂಡಿ ಒಂದು ಯೋಜನೆಯನ್ನು ಪೂರೈಸಬೇಕಾಗುತ್ತದೆ. ಯಾವುದನ್ನು ಆರಿಸಿಕೊಳ್ಳಬೇಕೆಂಬುದೇ ಆ ಪಾಠದ ಅರ್ಧಭಾಗ. ಆದರೆ ಬಹುಪಾಲು ತಂಡಗಳು ಅದಕ್ಕೆ ಒಂದು ಸಂಜೆಯನ್ನೂ ಮೀಸಲಿಡುವುದಿಲ್ಲ. 'ಸಮಗ್ರ ಕೃಷಿ ವ್ಯವಸ್ಥೆ' ಎಂದು ಹೆಸರಿಟ್ಟು ಬೆಳೆ, ರೋಗ, ಪೇಟೆಯ ದರ, ಸಾಲ ಎಲ್ಲವನ್ನೂ ಅದರೊಳಗೆ ತುಂಬುತ್ತವೆ. ಹೆಸರು ಗಂಭೀರವಾಗಿದೆ, ಕೆಲಸ ಮಾತ್ರ ಕೆಲವೇ ತಿಂಗಳಿಗೆ ಒಗ್ಗುವಂಥದಲ್ಲ. ಕಡೆಯ ವಾರದಲ್ಲಿ ಸಿದ್ಧ ಯೋಜನೆಯನ್ನು ಹಣ ಕೊಟ್ಟು ತರುವ ವಾಡಿಕೆಯೂ ಇಲ್ಲದಿಲ್ಲ.

ಜನರನ್ನು ಹೆಚ್ಚಿಸಿದರೆ ಕೆಲಸ ಮುಗಿದೀತೆಂಬ ನಂಬಿಕೆಯೂ ಹುಸಿಯೇ. ತಡವಾದ ತಂತ್ರಾಂಶದ ಕೆಲಸಕ್ಕೆ ಹೊಸಬರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುವುದೆಂದು ಅಮೆರಿಕದ ಫ್ರೆಡರಿಕ್ ಬ್ರೂಕ್ಸ್ 1975ರಲ್ಲಿಯೇ ಬರೆದರು. ನಾಲ್ವರಲ್ಲಿ ಮಾತುಕತೆಗೆ ಇರುವ ಜೋಡಿಗಳು 6. ಎಂಟು ಮಂದಿಯಲ್ಲಿ ಅವು 28.

ಇದಕ್ಕೆ ಬದಲಾಗಿ ಒಂದು ತಂಡವು ಒಬ್ಬ ಈರುಳ್ಳಿ ಬೆಳೆಗಾರನ ನೀರಿನ ಲೆಕ್ಕವನ್ನು ಮಾತ್ರ ಕೈಗೆತ್ತಿಕೊಂಡಿತೆನ್ನೋಣ. ಯಾವ ಮಡಿಗೆ ಎಂದು ನೀರು ಹಾಯಿತು, ಮಳೆ ಎಷ್ಟು ಬಂದಿತು, ಇಷ್ಟನ್ನು ಮೊಬೈಲಿನಲ್ಲಿ ಬರೆದಿಡುವ ತಂತ್ರಾಂಶ ಅದು. ನೋಡಲು ಎಷ್ಟು ಕಿರಿದು! ಹೊಲದ ಬದುವಿನ ಮೇಲೆ ನಿಂತಾಗಲೇ ಅದರ ಆಳ ತಿಳಿಯುವುದು. ಕೊಳವೆಬಾವಿಯ ಪಂಪು ಓಡುತ್ತಿರುವಾಗ ವಿದ್ಯುತ್ತು ಹೋದರೆ ಅರ್ಧ ನೆನೆದ ಮಡಿಯನ್ನು ಹೇಗೆ ಗುರುತಿಸಬೇಕು? ಬಿಸಿಲಿನಲ್ಲಿ ಅಕ್ಷರಗಳು ಕಾಣುವವೆ? ಸಂಶೋಧನಾ ಕೇಂದ್ರವು ಮಳೆಯನ್ನು ತಾರೀಖು ಹಿಡಿದು ಮಿಲಿಮೀಟರುಗಳಲ್ಲಿ ಅಳೆದರೆ, ರೈತನು "ಹಸ್ತದಲ್ಲಿ ಎರಡು ಹದ ಬಿತ್ತು" ಎನ್ನುತ್ತಾನೆ. ಹಸ್ತವು ಸೆಪ್ಟೆಂಬರಿನ ಕೊನೆಗೆ ಹುಟ್ಟಿ ಸುಮಾರು ಹದಿಮೂರು ದಿನ ನಡೆಯುವ ಮಳೆ. ಈ ಎರಡು ಲೆಕ್ಕಗಳನ್ನೂ ಒಂದೇ ಪುಟದಲ್ಲಿ ಕೂಡಿಸಬಲ್ಲ ವಿದ್ಯಾರ್ಥಿಯು ಯಾವ ಸಮಗ್ರ ವ್ಯವಸ್ಥೆಯನ್ನೂ ಕಟ್ಟದಿದ್ದರೂ ತಂತ್ರಾಂಶದ ಮರ್ಮವನ್ನು ಅರಿತಂತೆಯೇ ಸರಿ.

ಇಂಥ ಕೆಲಸವನ್ನು ಹಂಚಿಕೊಳ್ಳುವುದೂ ಸುಲಭ. ತಪ್ಪಿದ್ದರೆ ರೈತನ ನೋಟುಬುಕ್ಕಿನೊಡನೆ ಹೋಲಿಸಿ ಕಂಡುಹಿಡಿಯಬಹುದು.

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಅದನ್ನು ಆಯ್ಕೆಯ ದಿನವೇ ಕೇಳುವವರು ವಿರಳ. ಅಂಕಗಳು ಬಂದೊಡನೆ ತಂಡವು ಚದುರುತ್ತದೆ; ಈರುಳ್ಳಿ ಇನ್ನೂ ಹೊಲದಲ್ಲಿಯೇ ಇರುತ್ತದೆ. ಯಂತ್ರದ ಲೆಕ್ಕವನ್ನು ನಂಬಿ ನೀರು ಹಾಯಿಸಿದವನಿಗೆ ನಡುವೆ ಅದು ಕೆಟ್ಟರೆ ಉತ್ತರ ಹೇಳುವವರು ಯಾರು? ವಿವೇಕಿಯಾದ ರೈತನು ತರುಣರಿಗೆ ಮಜ್ಜಿಗೆ ಕೊಟ್ಟು, ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ಕಳುಹಿಸಿದ ಮೇಲೂ, ಹಳೆಯ ನೋಟುಬುಕ್ಕನ್ನು ಗೋಡೆಯ ಗೂಡಿನಿಂದ ತೆಗೆದು ಆ ದಿನದ ನೀರನ್ನು ಬರೆದೇ ಇಡುತ್ತಾನೆ.